ನಾಲ್ಕನೆಯ ಗೆರೆ

ಸೆಪ್ಟೆಂಬರ್ 3, ಮಂಗಳವಾರ

ಬರೆಯುವುದು ನನ್ನ ಕೆಲಸವಲ್ಲ. ಎಂಟನೇ ತರಗತಿಗೇ ಶಾಲೆ ಬಿಟ್ಟವನು ನಾನು. ಗಣಿಯಲ್ಲಿ ಯಾರೂ ನನ್ನ ಕೈಗೆ ಪೆನ್ನು ಕೊಡಲಿಲ್ಲ, ಸೈನ್ಯದಲ್ಲಿ ಸಹಿ ಹಾಕುವುದಕ್ಕೆ ಮಾತ್ರ ಕೊಟ್ಟರು. ಈಗ ಎಪ್ಪತ್ತೇಳನೇ ವಯಸ್ಸಿನಲ್ಲಿ, ಕಲ್ಲಿದ್ದಲ ಧೂಳು ತುಂಬಿದ ಎದೆ ಇಟ್ಟುಕೊಂಡು, ಶಾಲೆಯ ಹುಡುಗಿಯ ಹಾಗೆ ದಿನಚರಿ ಬರೆಯಬೇಕಂತೆ. ಇದು ವಾಂಡಾ ಫ್ಯೂಗೇಟಳ ಹುಕುಂ. ಕೌಂಟಿ ಕಚೇರಿಯಲ್ಲಿ ಮಾಜಿ ಸೈನಿಕರ ಕಾಗದಪತ್ರ ನೋಡುವ ಹೆಂಗಸು ಅವಳು.

ನಾನು ಹೋದದ್ದು ಗೋರಿಕಲ್ಲಿನ ವಿಷಯಕ್ಕೆ. ಸೈನ್ಯದಲ್ಲಿದ್ದವನು ಸತ್ತರೆ ಸರ್ಕಾರ ಒಂದು ಬಿಳಿ ಕಲ್ಲು ಕೊಡುತ್ತದೆ. ಅದರ ಮೇಲೆ ಹೆಸರು, ದರ್ಜೆ, ಯಾವ ಯುದ್ಧ. ಚಳಿಗಾಲ ಮುಗಿಯುವ ತನಕ ನಾನು ಇರುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾನೆ. ನನ್ನ ಹೆಂಡತಿ ಓಪಲ್ ಊರ ಗುಡ್ಡದ ಸ್ಮಶಾನದಲ್ಲಿ ಮಲಗಿ ಆರು ವರ್ಷವಾಯಿತು. ಅವಳ ಪಕ್ಕದ ಜಾಗ ನನ್ನದು. ಕಲ್ಲಿನ ಕಾಗದ ಈಗಲೇ ಸರಿ ಮಾಡಿಟ್ಟು ಹೋಗೋಣ ಅಂತ ಹೋದೆ.

"ಸರ್ಕಾರದ ಲೆಕ್ಕದಲ್ಲಿ ನೀವು ಬರೀ ಸಾರ್ಜೆಂಟ್, ಟ್ಯಾಕೆಟ್ ಅವರೇ. ತೋಳಿನ ಮೇಲೆ ಮೂರು ಗೆರೆ ಅಷ್ಟೇ," ಅಂದಳು.

"ಸ್ಟಾಫ್ ಸಾರ್ಜೆಂಟ್. ಮೂರು ಗೆರೆ, ಕೆಳಗೆ ದೋಣಿಯ ಹಾಗೆ ಬಾಗಿದ ನಾಲ್ಕನೆಯದು. ಈ ಫೋಟೋ ನೋಡು, ತೋಳು ನೋಡು."

"ಫೋಟೋದಲ್ಲಿ ನಮ್ಮ ಭಾವ ರಾಜನ ಕಿರೀಟ ಹಾಕ್ಕೊಂಡಿದಾನೆ. ಬಡ್ತಿ ಕೊಟ್ಟ ಆದೇಶದ ಕಾಗದ ಎಲ್ಲಿ?"

ಕಾಗದ ಇಲ್ಲ. ಐವತ್ತೈದು ವರ್ಷದಿಂದ ಈ ಊರಿನಲ್ಲಿ ಎಲ್ಲರೂ ನನ್ನನ್ನು ಸ್ಟಾಫ್ ಸಾರ್ಜೆಂಟ್ ಅಂತಲೇ ಕರೆಯುತ್ತಾರೆ. ಕಲ್ಲಿನ ಮೇಲೆ ಒಂದು ದರ್ಜೆ ಕಡಿಮೆ ಕೆತ್ತಿದರೆ, ಮುದುಕ ಸಾಯುವ ತನಕ ಸುಳ್ಳು ಹೇಳಿದ ಅನ್ನುತ್ತಾರೆ. ನನ್ನ ಹೆಂಡತಿಯ ಪಕ್ಕದಲ್ಲಿ ಸುಳ್ಳುಗಾರನಾಗಿ ಮಲಗಲೇ?

ಯಾವಾಗ ಬಡ್ತಿ ಸಿಕ್ಕಿತು, ಯಾರು ಕೊಟ್ಟರು, ಯಾಕೆ ಕೊಟ್ಟರು, ಎಲ್ಲ ಬರೆದು ಕೊಡಬೇಕಂತೆ. ಬದುಕಿರುವ ಸಾಕ್ಷಿ ಇದ್ದರೆ ಒಳ್ಳೆಯದಂತೆ. ಗೆರೆ ಹಾಕಿದ ಈ ನೋಟುಪುಸ್ತಕ ಕೈಗಿಟ್ಟಳು. "ಒಂದೇ ಸಲಕ್ಕೆ ಬರೀರಿ ಅಂದ್ರೆ ಎರಡು ಸಾಲು ಬರೆದು, ನನ್ನನ್ನ ಬೈದು ನಿಲ್ಲಿಸ್ತೀರಿ. ದಿನಾ ಸ್ವಲ್ಪ ಬರೀರಿ. ಯಾರಿಗೂ ತೋರಿಸ್ಬೇಡಿ, ನನಗೂ ಬೇಡ. ಕೊನೇಲಿ ಬೇಕಾದ್ದು ಆರಿಸ್ಕೊಳ್ಳೋಣ."

ಬೈದೆ. ಪುಸ್ತಕ ತಂದೆ.

ಸೆಪ್ಟೆಂಬರ್ 5, ಗುರುವಾರ

ಬರೆದು ಮುಗಿಸುತ್ತೇನೆ. 1969, ಏಪ್ರಿಲ್. ವಿಯೆಟ್ನಾಮಿನಲ್ಲಿ ಒಂದು ಗುಡ್ಡ. ಅದಕ್ಕೆ ಹೆಸರಿರಲಿಲ್ಲ, ನಕ್ಷೆಯಲ್ಲಿ ಬರೀ ಒಂದು ಸಂಖ್ಯೆ. ನಮ್ಮ ತುಕಡಿಯಲ್ಲಿ ಮೂವತ್ತೊಂದು ಜನ. ನನ್ನ ಕೆಳಗೆ ಒಂಬತ್ತು. ನಮ್ಮ ಮೇಲೆ ಎಲ್ಡ್ರಿಜ್ ವೇರ್ ಎಂಬ ಲೆಫ್ಟಿನೆಂಟ್, ಅಲಬಾಮಾದವನು, ಕಾಲೇಜು ಓದಿದವನು, ಇಪ್ಪತ್ತನಾಲ್ಕು ವರ್ಷ. ಎರಡು ಸಲ ಗುಡ್ಡ ಹತ್ತಿದೆವು, ಎರಡು ಸಲವೂ ಹೊಡೆದು ಕೆಳಗಿಳಿಸಿದರು. ಮೂರನೇ ಸಲ ಹತ್ತಿ ಎಂದು ಕರ್ನಲ್ ಹೇಳಿದಾಗ ಅವನು ಹೆದರಿ ಕೂತುಬಿಟ್ಟ. ಹೇಡಿ. ಅವನನ್ನು ಕಿತ್ತೆಸೆದರು. ನನಗೆ ನಾಲ್ಕನೆಯ ಗೆರೆ ಕೊಟ್ಟರು.

ಇಷ್ಟೇ ಕಥೆ. ಮುಗಿಯಿತು.

ಸೆಪ್ಟೆಂಬರ್ 9, ಸೋಮವಾರ

ಮುಗಿಯಲಿಲ್ಲ. ವಾಂಡಾಳ ಹತ್ತಿರ ಹೋಗಿ ಬಾಯಲ್ಲೇ ಹೇಳಿದೆ.

"ಸರಿ. ನಿಮಗೆ ಯಾಕೆ ಕೊಟ್ರು?"

"ಚೆನ್ನಾಗಿ ಕೆಲಸ ಮಾಡಿದೆ, ಕೊಟ್ರು."

"ಏನು ಕೆಲಸ?"

"ಸೈನ್ಯದಲ್ಲಿ ಏನು ಕೆಲಸ ಇರುತ್ತೆ? ಹುಲ್ಲು ಕೊಯ್ಯೋದು."

"ನನ್ನ ಮೇಲೆ ಯಾಕೆ ಹರಿಹಾಯ್ತೀರಿ? ಸೈನ್ಯದ ದಾಖಲೆ ತಿದ್ದೋ ಮಂಡಳಿಯಲ್ಲಿ ಕೂತಿರೋರು ಇದನ್ನೇ ಕೇಳ್ತಾರೆ. ಗುಡ್ಡ ಸಿಗ್ಲಿಲ್ಲ, ತುಕಡಿ ವಾಪಸ್ ಬಂತು, ಅಂಥ ದಿನ ಒಬ್ಬನಿಗೆ ಬಡ್ತಿ ಯಾಕೆ ಅಂತ."

ಬಾಗಿಲು ದಢಾರನೆ ಹಾಕಿಕೊಂಡು ಬಂದೆ. ಮೆಟ್ಟಿಲು ಇಳಿಯುವಾಗ ಕೆಮ್ಮು ಬಂದು ಕಂಬ ಹಿಡಿದು ನಿಂತೆ. ಅವಳು ಕಿಟಕಿಯಿಂದ ನೋಡುತ್ತಿದ್ದಳು. ನೋಡಲಿ.

ಸೆಪ್ಟೆಂಬರ್ 13, ಶುಕ್ರವಾರ

ಮಾಜಿ ಸೈನಿಕರ ಸಭಾಂಗಣದಲ್ಲಿ ತಿಂಗಳ ಮೀನೂಟ. ಕರಿದ ಮೀನು, ಹುರುಳಿಕಾಯಿ, ಜೋಳದ ರೊಟ್ಟಿ. ನಾನು ಎಂದಿನಂತೆ ಸಾಲಿನ ಮುಂದೆ ಹೋದೆ. ಯಾರೂ ಏನೂ ಅನ್ನುವುದಿಲ್ಲ, ವಯಸ್ಸಾದವನು, ಸ್ಟಾಫ್ ಸಾರ್ಜೆಂಟ್. ಇರಾಕ್ ಯುದ್ಧಕ್ಕೆ ಹೋಗಿ ಬಂದ ಡ್ವೇನ್ ಹಾಲ್ಬ್ರುಕ್ ಸಾಲಿನ ತುದಿಯಲ್ಲಿ ನಿಂತಿದ್ದ. ನನಗಿಂತ ಒಂದು ದರ್ಜೆ ಮೇಲಿನವನು. ಒಂದು ಕಾಲು ಲೋಹದ್ದು.

"ಮುಂದೆ ಬಾರಯ್ಯ, ಆ ಕಾಲಿಟ್ಟುಕೊಂಡು ಎಷ್ಟು ಹೊತ್ತು ನಿಲ್ತೀಯ," ಅಂದೆ.

"ಗೆರೆ ಜಾಸ್ತಿ ಇದ್ದೋರು ಕೊನೇಲಿ ತಿನ್ನೋದಲ್ವಾ ತಾತ? ನಿಮ್ಮ ಕಾಲದಲ್ಲಿ ಹಂಗಿರ್ಲಿಲ್ವಾ?" ಅಂದ. ನಗುತ್ತಲೇ ಅಂದ. ಪಕ್ಕದವರೂ ನಕ್ಕರು.

ಇತ್ತು. ಇಲ್ಲದೆ ಏನು. ಬಿಸಿ ಊಟ ಹೆಲಿಕಾಪ್ಟರಿನಲ್ಲಿ ಬಂದರೆ ಮೊದಲು ಪಟ್ಟಿ ಇಲ್ಲದ ಹುಡುಗರು, ಆಮೇಲೆ ನಾವು, ಕೊನೆಗೆ ಅಧಿಕಾರಿ. ನಿಯಮ ಹಾಗೆ. ಎಲ್ಲ ಅಧಿಕಾರಿಗಳೂ ಪಾಲಿಸುತ್ತಿರಲಿಲ್ಲ. ವೇರ್ ಪಾಲಿಸುತ್ತಿದ್ದ. ಒಂದು ಸಲ ಪಾತ್ರೆ ಖಾಲಿಯಾಗಿ ಅವನಿಗೆ ಏನೂ ಉಳಿಯಲಿಲ್ಲ. ಪೀಚ್ ಹಣ್ಣಿನ ಡಬ್ಬಿಯೊಂದನ್ನು ತೆರೆದು ಅದರ ರಸ ಕುಡಿದು ಮಲಗಿದ. ಹಣ್ಣನ್ನು ನಮ್ಮ ತುಕಡಿಯ ರಾಸ್ಕೋಗೆ ಕೊಟ್ಟ. ಅವನಿಗೆ ಅವತ್ತು ಜ್ವರ.

ಇದನ್ನು ಯಾಕೆ ಬರೆದೆನೋ. ಇದರಿಂದ ಬಡ್ತಿಗೆ ಏನೂ ಆಗಬೇಕಾಗಿಲ್ಲ.

ಸೆಪ್ಟೆಂಬರ್ 18, ಬುಧವಾರ

ರಾಸ್ಕೋ ಬ್ಲೆವಿನ್ಸ್‌ಗೆ ಫೋನು ಮಾಡಿದೆ. ಅವನು ವೇರ್‌ನ ರೇಡಿಯೋ ಹೊರುತ್ತಿದ್ದವನು. ಈಗ ಓಹಾಯೋದಲ್ಲಿ ಮಗಳ ಮನೆಯಲ್ಲಿದ್ದಾನೆ. ಹನ್ನೊಂದು ವರ್ಷದಿಂದ ಮಾತಾಡಿರಲಿಲ್ಲ.

"ಇನ್ನೂ ಇದೀಯೇನೋ ಮುದಿಗೂಬೆ," ಅಂದ.

"ನಿನ್ನ ಸಾವು ನೋಡೋಣ ಅಂತ ಕಾಯ್ತಿದೀನಿ. ಒಂದು ಸಾಕ್ಷಿ ಬೇಕು ಕಣೋ."

ವಿಷಯ ಹೇಳಿದೆ. ಮೊಮ್ಮಕ್ಕಳ ಟಿ.ವಿ. ಗಲಾಟೆ ಕೇಳುತ್ತಿತ್ತು.

"ನಾನು ಹೇಳ್ತೀನಿ ವರ್ಲಿನ್. ಆದ್ರೆ ಕೇಳಿದ್ದನ್ನೇ ಹೇಳ್ತೀನಿ. ರೇಡಿಯೋ ನನ್ನ ಬೆನ್ನ ಮೇಲಿತ್ತು."

"ಏನು ಕೇಳಿದೆ?"

"ನನ್ನನ್ನ ಕೇಳ್ತೀಯಾ? ನಾನು ಅವತ್ತೇ ಹೊಟ್ಟೆಗೆ ಗುಂಡು ತಿಂದು ಜಪಾನಿನ ಆಸ್ಪತ್ರೆಗೆ ಹೋದೆ. ನನ್ನ ಹತ್ರ ಯಾವ ಮೇಜರೂ ಬರ್ಲಿಲ್ಲ. ನೀನು ನನ್ನ ಪಕ್ಕದಲ್ಲೇ ಬಿದ್ದಿದ್ದೆ. ನಿನ್ನ ಕಿವಿ ಆಗ ಸರಿ ಇತ್ತು."

ಫೋನು ಇಟ್ಟೆ. ಅವನು ಮತ್ತೆ ಮಾಡಿದ. ನಾನು ಎತ್ತಲಿಲ್ಲ.

ಸೆಪ್ಟೆಂಬರ್ 19, ಗುರುವಾರ

ಕೆಮ್ಮು. ಏನೂ ಬರೆಯುವುದಿಲ್ಲ.

ಸೆಪ್ಟೆಂಬರ್ 26, ಗುರುವಾರ

ಸರಿ, ಗುಡ್ಡದ ವಿಷಯ.

ಮೊದಲ ಸಲ ನಾಲ್ಕು ಜನ ಸತ್ತರು. ಎರಡನೇ ಸಲ ಮುಂದೆ ಹೋಗಲು ವೇರ್ ನನ್ನ ಹುಡುಗರನ್ನು ಆರಿಸಿದ. ಐದು ಜನ ಸತ್ತರು. ಅದರಲ್ಲಿ ಡೆನ್ವರ್ ಒಬ್ಬ. ನಮ್ಮ ಪಕ್ಕದ ಕಣಿವೆಯವನು, ನಾನೂ ಅವನೂ ಒಂದೇ ಬಸ್ಸು ಹತ್ತಿ ಸೈನ್ಯಕ್ಕೆ ಸೇರಿದವರು. ಅವನ ಹೆಲ್ಮೆಟ್ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು. ಅವನು ಬರಲಿಲ್ಲ. ಆ ಹೊತ್ತಿನಿಂದ ನಾನು ವೇರ್‌ನ ಮುಖ ನೋಡಲಿಲ್ಲ.

ಕರ್ನಲ್ ಮೇಲೆ ಹೆಲಿಕಾಪ್ಟರಿನಲ್ಲಿ ಸುತ್ತುತ್ತಿದ್ದ. ಗುಂಡು ತಲುಪದ ಎತ್ತರ. ರೇಡಿಯೋದಲ್ಲಿ, "ಮೂರನೇ ಸಲ ಹತ್ತು, ಕತ್ತಲಾಗೋದ್ರೊಳಗೆ ಗುಡ್ಡ ಬೇಕು," ಅಂದ.

ಯುದ್ಧಭೂಮಿಯಲ್ಲಿ ಅಧಿಕಾರಿಗಳು ತಮ್ಮ ಪಟ್ಟಿ ಕಾಣದ ಹಾಗೆ ಇಡುತ್ತಾರೆ, ಮರೆಯಿಂದ ಹೊಡೆಯುವವರು ಅದನ್ನೇ ಹುಡುಕುತ್ತಾರೆ. ವೇರ್ ತನ್ನ ಪಟ್ಟಿಯನ್ನು ಕಾಲರಿನ ಒಳಗೆ ಚುಚ್ಚಿಕೊಂಡಿರುತ್ತಿದ್ದ. ಅವತ್ತು ಅದನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡ. ರಾಸ್ಕೋನ ಕೈಯಿಂದ ರೇಡಿಯೋ ತೆಗೆದುಕೊಂಡು ಹೇಳಿದ. ಕೂಗಲಿಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವ ಹಾಗೆ ಹೇಳಿದ.

"ಇಲ್ಲ ಸಾರ್. ಇವರನ್ನ ಮತ್ತೆ ಕಳಿಸಲ್ಲ. ತಾವು ಕೆಳಗೆ ಬನ್ನಿ, ಮುಂದೆ ನಡೀರಿ, ನಿಮ್ಮ ಹಿಂದೆ ಮೊದಲನೇ ಹೆಜ್ಜೆ ನಂದು. ಇಲ್ಲಾ ಅಂದ್ರೆ ಫಿರಂಗಿಯಲ್ಲಿ ಹೊಡೆಸಿ. ನಾನು ಗಾಯಾಳುಗಳನ್ನ ಕೆಳಗೆ ಇಳಿಸ್ತೀನಿ."

ಕರ್ನಲ್ ಏನೋ ಅಂದ. ವೇರ್, "ಗೊತ್ತು ಸಾರ್, ನನ್ನ ಕೆಲಸ ಹೋಗುತ್ತೆ," ಅಂದ.

ಅವನು ಕೂತುಬಿಟ್ಟಿರಲಿಲ್ಲ. ಹಿಮ್ಮೆಟ್ಟುವಾಗ ಗುಂಡು ತಗುಲಿದ ರಾಸ್ಕೋನನ್ನು ಹೆಗಲ ಮೇಲೆ ಹಾಕಿಕೊಂಡು ಇಳಿಸಿದ. ಮರುದಿನ ಫಿರಂಗಿಯಲ್ಲಿ ಹೊಡೆದರು. ಒಬ್ಬನೂ ಸಾಯದೆ ಗುಡ್ಡ ಸಿಕ್ಕಿತು. ಮೂರು ದಿನಕ್ಕೆ ಅದನ್ನು ಬಿಟ್ಟು ಹೊರಟೆವು.

ಐದನೇ ತಾರೀಖಿನ ಪುಟ ಹರಿದು ಹಾಕಬೇಕು. ಇರಲಿ. ಹರಿದರೆ ಇನ್ನೊಂದು ಸುಳ್ಳು.

ಅಕ್ಟೋಬರ್ 2, ಬುಧವಾರ

ವೇರ್ ಕಪ್ಪು ಮನುಷ್ಯ. ಇಷ್ಟು ಪುಟ ಬರೆದರೂ ಅದನ್ನು ನಾನು ಬರೆದಿರಲಿಲ್ಲ.

ಗುಡ್ಡದಿಂದ ಇಳಿದ ಐದನೇ ದಿನ ಮೇಜರ್ ಒಬ್ಬ ನನ್ನನ್ನು ಗುಡಾರಕ್ಕೆ ಕರೆಸಿದ. ಮೇಜಿನ ಮೇಲೆ ಒಂದು ಟೈಪು ಮಾಡಿದ ಹಾಳೆ. ಅದರ ಪಕ್ಕದಲ್ಲಿ ಬಟ್ಟೆಯ ಎರಡು ತೋಳುಪಟ್ಟಿ, ಹೊಸವು, ಮೂರು ಗೆರೆ ಮತ್ತು ಕೆಳಗೆ ಬಾಗಿದ ಒಂದು. ಎರಡನ್ನೂ ಅಕ್ಕಪಕ್ಕ ನೀಟಾಗಿ ಇಟ್ಟಿದ್ದ, ಊಟಕ್ಕೆ ಚಮಚ ಇಟ್ಟ ಹಾಗೆ.

ಹಾಳೆಯಲ್ಲಿ ಹೀಗಿತ್ತು: ಲೆಫ್ಟಿನೆಂಟ್ ವೇರ್ ಗುಂಡಿಯಲ್ಲಿ ಅವಿತು ಕೂತಿದ್ದ, ಅಳುತ್ತಿದ್ದ, ರೇಡಿಯೋಗೆ ಉತ್ತರ ಕೊಡಲಿಲ್ಲ. ಕೆಳಗೆ ನನ್ನ ಹೆಸರು.

"ನೀನು ಬೆಟ್ಟದ ಕಡೆ ಹುಡುಗ, ನಿನಗೆ ಅರ್ಥ ಆಗುತ್ತೆ," ಅಂದ ಮೇಜರ್. "ಎಂಥವರನ್ನೆಲ್ಲ ಅಧಿಕಾರಿ ಮಾಡಿಬಿಟ್ಟಿದಾರೆ ನೋಡು."

ಅರ್ಥವಾಯಿತು. ಅವನೂ ಬಿಳಿಯ, ನಾನೂ ಬಿಳಿಯ.

"ನಿನ್ನ ಹುಡುಗರು ದಣಿದಿದಾರೆ. ಹಿಂದಿನ ಶಿಬಿರದಲ್ಲಿ ಕಾವಲಿಗೆ ಜನ ಬೇಕು. ಎರಡು ತಿಂಗಳು. ಓದ್ಕೊಂಡ್ಯಾ?"

"ಓದಿದೆ ಸಾರ್."

ಓದದೆ ಸಹಿ ಹಾಕಿದೆ ಎಂದು ಬರೆಯಬಹುದಿತ್ತು. ಎಂಟನೇ ತರಗತಿಯವನು, ನಂಬುತ್ತಾರೆ. ಓದಿದ್ದೆ. ನಾನು ನಿಧಾನ, ಆದ್ದರಿಂದ ಎರಡು ಸಲ ಓದಿದ್ದೆ. ಹುಡುಗರಿಗೋಸ್ಕರ ಹಾಕಿದೆ ಎಂದು ಓಪಲ್‌ಗೆ ಒಮ್ಮೆ ಹೇಳಿದ್ದೆ. ಹುಡುಗರೂ ಒಂದು ಕಾರಣವೇ. ಆದರೆ ಸಹಿ ಹಾಕುವಾಗ ನಾನು ನೋಡುತ್ತಿದ್ದದ್ದು ಆ ತೋಳುಪಟ್ಟಿಯನ್ನು. ಮತ್ತೆ ಡೆನ್ವರನ ಹೆಲ್ಮೆಟ್ಟು. ಅದಕ್ಕೆ ಯಾರನ್ನಾದರೂ ಹೊಣೆ ಮಾಡಬೇಕಿತ್ತು, ಕರ್ನಲ್ ನನ್ನ ಕೈಗೆಟುಕದ ಎತ್ತರದಲ್ಲಿದ್ದ.

ಹಳೆಯ ಮೂರು ಗೆರೆಯ ತೋಳುಪಟ್ಟಿ ಕಿತ್ತು ಎಸೆದು ಹೊಸದು ಹೊಲಿದುಕೊಂಡೆ. ಆ ಮೂರು ಗೆರೆ ಕೊಡಿಸಿದವರು ವೇರ್. ಜನವರಿಯಲ್ಲಿ, ಹೊಳೆ ದಾಟುವಾಗ ಇಬ್ಬರನ್ನು ನೀರಿನಿಂದ ಎಳೆದದ್ದಕ್ಕೆ. ಅದರ ಆದೇಶ ಸರಿಯಾಗಿ ದಾಖಲಾಗಿದೆ. ನಾಲ್ಕನೆಯದು ಆಗಲಿಲ್ಲ. ಕರ್ನಲ್ ಎರಡು ವಾರಕ್ಕೆ ಬೇರೆ ಕಡೆ ಹೋದ, ನನ್ನ ಬಡ್ತಿಯ ಕಾಗದವನ್ನು ಯಾರೂ ಟೈಪು ಮಾಡಲಿಲ್ಲ. ಅವರಿಗೆ ಬೇಕಿದ್ದ ಹಾಳೆ ಮೊದಲೇ ಟೈಪಾಗಿತ್ತಲ್ಲ. ಊರಿಗೆ ಹೊರಡುವಾಗ ಹೊಸ ಸಮವಸ್ತ್ರ ಕೊಟ್ಟ ದರ್ಜಿ, "ಎಷ್ಟು ಗೆರೆ?" ಅಂತ ಕೇಳಿದ. ನಾಲ್ಕು ಅಂದೆ.

ವೇರ್ ಅವರನ್ನು ಕರೆದೊಯ್ಯಲು ಹೆಲಿಕಾಪ್ಟರ್ ಬಂದ ದಿನ ನಾನು ದಾರಿಯಲ್ಲಿ ಎದುರಾದೆ. ಅವರ ಕಾಲರ್ ಖಾಲಿ. ನನ್ನ ತೋಳು ನೋಡಿದರು. ಎಣಿಸಿದರು ಅಂತ ಕಾಣುತ್ತದೆ.

"ಹುಡುಗರಿಗೆ ಸಾಕ್ಸ್ ಬದಲಾಯಿಸೋಕೆ ಹೇಳಿ ಸಾರ್ಜೆಂಟ್. ಕಾಲು ಕೊಳೀತಿದೆ," ಅಂದರು. ಅಷ್ಟೇ. ಹತ್ತಿ ಹೋದರು.

ಅಕ್ಟೋಬರ್ 9, ಬುಧವಾರ

ವಾಂಡಾಳಿಗೆ ಎಲ್ಲ ಹೇಳಿದೆ. ಅವಳು ಬರೆದುಕೊಳ್ಳುವುದನ್ನು ಅರ್ಧದಲ್ಲೇ ನಿಲ್ಲಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ನಿಮ್ಮ ಅರ್ಜಿ ಏನ್ ಮಾಡ್ಲಿ?"

"ಹರಿದು ಹಾಕು. ಕಲ್ಲಿನ ಮೇಲೆ ಸಾರ್ಜೆಂಟ್ ಅಂತಲೇ ಇರಲಿ. ಅವರು ಎಲ್ಲಿದಾರೆ ಹುಡುಕು."

ಎರಡು ಗಂಟೆಯಲ್ಲಿ ಹುಡುಕಿದಳು. 1991ರಲ್ಲಿ ತೀರಿಕೊಂಡಿದ್ದಾರೆ, ಹೃದಯಾಘಾತ. ವಿಚಾರಣೆಗೆ ನಿಲ್ಲದೆ ರಾಜೀನಾಮೆ ಕೊಡುವಂತೆ ಮಾಡಿ, ಗೌರವವಿಲ್ಲದೆ ಹೊರಗೆ ಹಾಕಿದ್ದಾರೆ. ಅಂಥವರಿಗೆ ಸರ್ಕಾರದ ಕಲ್ಲಿಲ್ಲ. ಸಮಾಧಿಯ ಮೇಲೆ ಅಂತ್ಯಕ್ರಿಯೆಯವರು ನೆಟ್ಟ ತಗಡಿನ ಹೆಸರುಫಲಕ ಮಾತ್ರ ಇದೆಯಂತೆ.

"ನಾನು ಹೇಳಿಕೆ ಕೊಟ್ರೆ ಸರಿ ಮಾಡ್ತಾರಾ?"

"ಮಾಡಬಹುದು. ರಾಸ್ಕೋ ಅವರದೂ ಸೇರಿದ್ರೆ ಗಟ್ಟಿ. ಆದ್ರೆ ಸತ್ತವರ ಪರವಾಗಿ ಮನೆಯವರೇ ಅರ್ಜಿ ಹಾಕ್ಬೇಕು. ನಿಮ್ಮಿಂದ ಆಗಲ್ಲ. ಅಕ್ಕ ಒಬ್ಬರಿದಾರೆ, ಒಡೆಸ್ಸಾ ವೇರ್, ಎಂಬತ್ತೆರಡು. ಅರ್ಜಿ ಹಾಕಿದ ಮೇಲೂ ಒಂದೂವರೆ ವರ್ಷ ಹಿಡಿಯುತ್ತೆ."

"ನನ್ನ ಹತ್ರ ಅಷ್ಟಿಲ್ಲ."

"ಗೊತ್ತು," ಅಂದಳು. ಮೆಟ್ಟಿಲ ತನಕ ನನ್ನ ತೋಳು ಹಿಡಿದು ಬಂದಳು. ಬೇಡ ಅನ್ನಲು ಮರೆತೆ.

ಅಕ್ಟೋಬರ್ 11, ಶುಕ್ರವಾರ

ಮೀನೂಟ. ಸಾಲು ಉದ್ದವಿತ್ತು, ಡ್ವೇನನ ಹಿಂದೆ ನಿಂತೆ. ನನ್ನ ಸರದಿ ಬರುವಾಗ ಮೀನು ಮುಗಿದಿತ್ತು. ರೊಟ್ಟಿ, ಹುರುಳಿಕಾಯಿ ತಿಂದೆ. ರೊಟ್ಟಿ ಒಣಗಿತ್ತು.

ಅಕ್ಟೋಬರ್ 16, ಬುಧವಾರ

ಒಡೆಸ್ಸಾ ವೇರ್ ಅವರಿಗೆ ಫೋನು ಮಾಡಿದೆ. ಮೂರು ದಿನದಿಂದ ಎತ್ತುವುದು, ಇಡುವುದು. ಇವತ್ತು ಮಾಡಿದೆ.

ಹೆಸರು ಹೇಳಿದ ಕೂಡಲೇ, "ಟ್ಯಾಕೆಟ್. ಕೊನೇಲಿ ಎರಡು ಟಿ. ಹಾಳೆಯ ಕೆಳಗಿದ್ದ ಹೆಸರು," ಅಂದರು. "ತಮ್ಮನ ಪೆಟ್ಟಿಗೆಯಲ್ಲಿ ಅದರ ಪ್ರತಿ ಇದೆ. ಏನು ಬೇಕಿತ್ತು?"

ಹೇಳಿದೆ. ಅಲ್ಲಿ ಇಲ್ಲಿ ಸುತ್ತಿಸದೆ ಹೇಳಿದೆ.

"ನನ್ನ ತಮ್ಮ ಶಾಲೆ ಬಸ್ ಓಡಿಸ್ದ, ಗೊತ್ತಾ? ಕಾಲೇಜು ಓದಿದೋನು. ಇಪ್ಪತ್ತೊಂದು ವರ್ಷ. ಪ್ರತಿ ನವೆಂಬರಿನಲ್ಲಿ, ಮಾಜಿ ಸೈನಿಕರ ದಿನಕ್ಕೆ, ಚರ್ಚಲ್ಲಿ ಪಾದ್ರಿ, ಸೈನ್ಯದಲ್ಲಿದ್ದೋರು ಎದ್ದು ನಿಲ್ಲಿ ಅಂತಾರೆ. ಎಲ್ಲ ಚಪ್ಪಾಳೆ ಹೊಡೀತಾರೆ. ಇವನು ಕೂತೇ ಇರ್ತಿದ್ದ. ಗೊತ್ತಿಲ್ಲದೋರು ಪಕ್ಕದಿಂದ ತಳ್ಳೋರು, ಏಳೋ ಏಳೋ ಅಂತ. ನನ್ನ ಕೈ ಹಿಡ್ಕೊಂಡು ಕೂತಿರ್ತಿದ್ದ."

ಕೆಮ್ಮು ಬಂತು, ಫೋನನ್ನು ದೂರ ಹಿಡಿದೆ.

"ಡಾಕ್ಟರು ಎಷ್ಟು ದಿನ ಅಂದಿದಾನೆ ನಿಮಗೆ?"

"ನಿಮಗೆ ಹೇಗೆ ಗೊತ್ತಾಯ್ತು?"

"ಉಸಿರು ಕೇಳಿಸ್ತಿದೆ. ಮತ್ತೆ, ಚೆನ್ನಾಗಿದ್ದಾಗ ಯಾರೂ ಇಂಥ ಫೋನು ಮಾಡಲ್ಲ. ನೀವು ಹಗುರಾಗಿ ಹೋಗ್ಬೇಕು, ಅದಕ್ಕೆ ನನ್ನ ಸಹಿ. ಒಂದು ಸಹಿ ಹಾಕಿ ಅವನನ್ನ ಮುಗಿಸಿದ್ರಿ. ಈಗ ಇನ್ನೊಂದು ಸಹಿ ಕೇಳ್ತಿದೀರಿ."

"ಹೌದು."

ಇಲ್ಲ ಅನ್ನುತ್ತೇನೆ ಎಂದುಕೊಂಡಿದ್ದರೋ ಏನೋ.

"ಕಾಗದ ಕಳಿಸಿ. ಹಾಕ್ತೀನಿ ಅಂತ ನಾನು ಹೇಳ್ಲಿಲ್ಲ," ಅಂದು ಇಟ್ಟರು.

ಅಕ್ಟೋಬರ್ 30, ಬುಧವಾರ

ಹನ್ನೆರಡು ದಿನ ಆಸ್ಪತ್ರೆ. ಮೂಗಿಗೆ ಕೊಳವೆ. ಮನೆಗೆ ಬಂದ ಮೇಲೆ ಬೀರುವಿನಿಂದ ಹಳೆಯ ಕೋಟು ತೆಗೆದೆ. ಬ್ಲೇಡಿನಲ್ಲಿ ತೋಳಿನ ಹೊಲಿಗೆ ಬಿಡಿಸಿದೆ. ಹೆಬ್ಬೆರಳು ಕೊಯ್ದುಕೊಂಡೆ. ಮೂರು ಗೆರೆಯದು ಹೊಲಿಯೋಣ ಅಂದರೆ ಅದು ನನ್ನಲ್ಲಿಲ್ಲ, ಕಾಡಿನಲ್ಲೇ ಎಸೆದಿದ್ದೆ. ಪಟ್ಟಿ ಇದ್ದ ಜಾಗದಲ್ಲಿ ಬಟ್ಟೆ ಮಾಸಿಲ್ಲ. ಕಿತ್ತರೂ ನಾಲ್ಕು ಗೆರೆಯ ಆಕಾರ ಹಾಗೇ ಕಾಣುತ್ತದೆ.

ರಾಸ್ಕೋ ಹೇಳಿಕೆ ಕಳಿಸಿದ್ದಾನೆ. ಒಂದೇ ಪುಟ. ಮೇಲೊಂದು ಚೀಟಿ: "ತಡ ಆಯ್ತು ಕಣೋ, ಗೂಬೆ."

ನವೆಂಬರ್ 10, ಭಾನುವಾರ

ಚರ್ಚು. ಉಸಿರಿನ ಸಿಲಿಂಡರು ಎಳೆದುಕೊಂಡು ಹೋದೆ. ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಎಂದಿನಂತೆ, ಸೈನ್ಯದಲ್ಲಿದ್ದವರು ಏಳಿ ಅಂದ. ಡ್ವೇನ್ ಎದ್ದ, ಇನ್ನೂ ಹನ್ನೊಂದು ಜನ ಎದ್ದರು. ಪಾದ್ರಿ ನನ್ನ ಕಡೆಯೇ ನೋಡಿ, "ನಮ್ಮ ಸ್ಟಾಫ್ ಸಾರ್ಜೆಂಟ್ ಟ್ಯಾಕೆಟ್," ಅಂದ. ಹಿಂದಿನಿಂದ ಯಾರೋ ಹೆಗಲು ತಟ್ಟಿದರು. "ಏಳಿ ವರ್ಲಿನ್, ನಾನು ಹಿಡ್ಕೋತೀನಿ."

ಏಳಲಿಲ್ಲ. ಕಾಲು ನೋವು ಅಂದೆ. ಚಪ್ಪಾಳೆ ಬಹಳ ಹೊತ್ತು ಹೊಡೆಯುತ್ತಾರೆ. ಅಷ್ಟು ಹೊತ್ತು ಅಂತ ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ.

ನವೆಂಬರ್ 12, ಮಂಗಳವಾರ

ಕಾಗದ ಇವತ್ತು ಅಂಚೆಗೆ ಹೋಯಿತು. ನೋಟರಿಯನ್ನು ವಾಂಡಾಳೇ ಮನೆಗೆ ಕರೆತಂದಳು. ಪತ್ರ ಮಾತ್ರ ನಾನೇ ಬರೆದೆ. ತಿದ್ದುತ್ತೇನೆ ಅಂದಳು, ಕೊಡಲಿಲ್ಲ. ಏನು ಬರೆದೆ ಎಂದು ಮರೆಯದಿರಲು ಇಲ್ಲಿ ಇಳಿಸುತ್ತಿದ್ದೇನೆ.

"ಒಡೆಸ್ಸಾ ವೇರ್ ಅವರಿಗೆ,

ಇದರಲ್ಲಿ ನನ್ನ ಹೇಳಿಕೆ ಇದೆ, ರಾಸ್ಕೋ ಬ್ಲೆವಿನ್ಸ್‌ನದೂ ಇದೆ. 1969ರಲ್ಲಿ ನಾನು ಸಹಿ ಹಾಕಿದ ಹಾಳೆ ಸುಳ್ಳು. ಸುಳ್ಳು ಎಂದು ಗೊತ್ತಿದ್ದೇ ಹಾಕಿದೆ. ಅದಕ್ಕೆ ಏನು ಪಡೆದೆ ಎಂಬುದನ್ನೂ ಬರೆದಿದ್ದೇನೆ.

ಕ್ಷಮೆ ಕೇಳುತ್ತಿಲ್ಲ. ಅದನ್ನು ಕೇಳಬೇಕಾದವರು ನೀವಿರುವ ಊರಿನ ತಗಡಿನ ಫಲಕದ ಕೆಳಗಿದ್ದಾರೆ. ನೀವು ಹೇಳಿದ್ದು ನಿಜ, ನನಗೆ ಹಗುರಾಗುವ ಆಸೆ ಇದೆ. ಆಗುತ್ತದೆ ಅನ್ನಿಸುವುದಿಲ್ಲ. ಅದನ್ನು ಬಿಟ್ಟು ಯೋಚಿಸಿ.

ಅವರು ನಮ್ಮಲ್ಲಿ ಇಪ್ಪತ್ತೆರಡು ಜನರನ್ನು ಜೀವಂತವಾಗಿ ಗುಡ್ಡದಿಂದ ಇಳಿಸಿದರು. ನಾನು ಮನೆ ಕಟ್ಟಿದ್ದು, ಮದುವೆಯಾದದ್ದು, ಮುದುಕನಾದದ್ದು ಆ ಲೆಕ್ಕದಲ್ಲಿ. ಕಲ್ಲಿನ ಮೇಲೆ ಲೆಫ್ಟಿನೆಂಟ್ ಎಂದು ಇರಬೇಕು.

ಅರ್ಜಿಯ ಮೂರನೇ ಹಾಳೆಯಲ್ಲಿ ಕೆಂಪು ಗುರುತಿನ ಹತ್ತಿರ ನಿಮ್ಮ ಸಹಿ. ಎರಡು ಸಲ ಓದಿ ಆಮೇಲೆ ಹಾಕಿ. ನಾನು ಸತ್ತರೂ ಹೇಳಿಕೆ ಉಳಿಯುತ್ತದೆ. ಆದರೆ ಮಂಡಳಿಯಲ್ಲಿ ಕೂತವರು ಪ್ರಶ್ನೆ ಕೇಳಿದರೆ ಕಾಗದ ಬಾಯಿ ಬಿಡುವುದಿಲ್ಲ. ನಾನು ಬಿಡಬೇಕು, ಅದಕ್ಕೆ ಉಸಿರು ಬೇಕು. ನೀವು ಸಹಿ ಹಾಕಿದರೆ ಮುದುಕ ಸಾಯುತ್ತಿದ್ದಾನೆ, ಮೊದಲು ಇವನನ್ನು ಕೇಳಿ ಎಂದು ನಮ್ಮ ಕೌಂಟಿ ಕಚೇರಿಯ ವಾಂಡಾ ಫ್ಯೂಗೇಟ್ ಮಂಡಳಿಗೆ ಬರೆಯುತ್ತಾಳೆ. ನೀವು ಹಾಕದಿದ್ದರೆ ನಿಮ್ಮನ್ನು ಮತ್ತೆ ಪೀಡಿಸುವುದಿಲ್ಲ.

ಹಾಕುತ್ತೀರೋ ಇಲ್ಲವೋ, ಒಂದು ಮಾತು ತಿಳಿಸಿ. ಡಿಸೆಂಬರ್ 6, ಶುಕ್ರವಾರದೊಳಗೆ ಉತ್ತರ ಬೇಕು, ಅದರಾಚೆಗೆ ನನ್ನ ಉಸಿರಿನ ಭರವಸೆ ಇಲ್ಲ.

ವರ್ಲಿನ್ ಟ್ಯಾಕೆಟ್, ಸಾರ್ಜೆಂಟ್"